ಚಳಿಗಾಲದ ಸೈಕಲ್ ಸವಾರಿಗೆ ಬೆಚ್ಚಗಿರುವ, ನೀರು ಹಿಡಿಯದ ಕೈಗವಸು: ಆರಿಸುವುದು ಹೇಗೆ?

ಮುಂಜಾವಿನ ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಹೋಗಿಬರುವುದು ಸೈಕಲ್ಲಿನಲ್ಲಿಯೇ. ಹೋಗುವಾಗ 14 ಕಿಲೋಮೀಟರ್, ಬರುವಾಗಲೂ ಅಷ್ಟೇ. ಒಂದು ಬಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕಳೆದ ವಾರ 3 ಡಿಗ್ರಿ ಚಳಿಯಲ್ಲಿ ಹೊರಟವನಿಗೆ ಅರ್ಧ ದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಿತು. ಕೈಯಲ್ಲಿದ್ದದ್ದು ದಪ್ಪನೆಯ ಫ್ಲೀಸ್ ಬಟ್ಟೆಯ ಕೈಗವಸು. ಮೊದಲ ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಕಿರುಬೆರಳು ಮತ್ತು ಉಂಗುರ ಬೆರಳುಗಳು ನೋಯತೊಡಗಿದವು. ಇನ್ನೂ ಸ್ವಲ್ಪ ಹೊತ್ತಿಗೆ ಆ ನೋವೂ ಇಲ್ಲವಾಗಿ ಬೆರಳುಗಳೆಲ್ಲ ಮರಗಟ್ಟಿದವು. ಕೊನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಹೋದಾಗ ಬೆರಳು ಮಡಚಿತೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಬೆರಳು ಬ್ರೇಕಿನ ಹಿಡಿಯ ಮೇಲೆ ಕೂತಿದೆ ಎಂಬುದನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡು, ಮುಂಗೈಯನ್ನೇ ಹಿಂದಕ್ಕೆಳೆದು ಸೈಕಲ್ ನಿಲ್ಲಿಸಿದೆ. ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೂ ನನ್ನ ಮುಂದಿನ ಗಾಲಿಗೂ ನಡುವೆ ಒಂದು ಮಾರು ದೂರ ಉಳಿದಿತ್ತು. ಅವರು ಗಾಬರಿಯಿಂದ ನನ್ನ ಮುಖ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ದಿನದಿಂದ ಒಳ್ಳೆಯ ಕೈಗವಸಿನ ಹುಡುಕಾಟದಲ್ಲಿದ್ದೇನೆ. ನೋಡಿದ ಪ್ರತಿಯೊಂದರ ಚೀಟಿಯ ಮೇಲೂ ‘ಜಲನಿರೋಧಕ’ ಎಂದಿದೆ, ‘ಚಳಿಗಾಲಕ್ಕೆ’ ಎಂದಿದೆ, ‘ಗಾಳಿಯಾಡುತ್ತದೆ’ ಎಂದೂ ಇದೆ. ಎಲ್ಲವೂ ಎಲ್ಲವನ್ನೂ ಮಾಡುತ್ತವೆ ಎಂದಾದರೆ ಇಷ್ಟೊಂದು ಬಗೆಗಳು ಏಕಿವೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಮಂಜು ಕವಿಯುವ ದಿನ, ಮಳೆಯ ದಿನ, ಒಣ ಚಳಿಯ ದಿನ ಎಲ್ಲಕ್ಕೂ ಒಂದೇ ಜೊತೆ ಸಾಕಾದೀತೇ? ಆರಿಸುವಾಗ ಮೊದಲು ಯಾವುದನ್ನು ನೋಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೆಯ ಗಾಲಿ:

ನೀವು ಕ್ಷೇಮವಾಗಿದ್ದೀರಿ ಎಂಬುದೇ ಮೊದಲ ಸಮಾಧಾನ. ನಾನು 22 ಚಳಿಗಾಲಗಳನ್ನು ಸೈಕಲ್ಲಿನ ಮೇಲೆ ಕಳೆದವನು. ನೀವು ಹೇಳಿದ ಇಳಿಜಾರಿನಂಥದ್ದನ್ನು ನಾನೂ ಒಮ್ಮೆ ಇಳಿದಿದ್ದೇನೆ. ಆದ್ದರಿಂದ ನೇರವಾಗಿ ಹೇಳುತ್ತೇನೆ: ಬ್ರೇಕ್ ಹಿಡಿಯುವ ಎರಡು ಬೆರಳುಗಳು ಸವಾರಿ ಮುಗಿಯುವವರೆಗೂ ನಿಮ್ಮ ಮಾತು ಕೇಳಬೇಕು. ಕೈಗವಸು ಅದಕ್ಕಾಗಿ ಇರುವುದು. ಬೆಚ್ಚಗಿರುವುದು, ಒಣಗಿರುವುದು, ಗಾಳಿ ತಡೆಯುವುದು ಇವೆಲ್ಲವನ್ನೂ ಆ ಒಂದು ಕೆಲಸಕ್ಕೆ ಎಷ್ಟು ನೆರವಾಗುತ್ತವೆ ಎಂದು ನೋಡಿಯೇ ತೂಗಬೇಕು.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಸೈಕಲ್ ಮೇಲೆ ಈ ಗಾಳಿಗೆ ಎರಡು ಕಡೆಯಿಂದ ಕಂಟಕ. ಒಂದು, ಎದುರುಗಾಳಿ. ಚಳಿಗಾಳಿಯ ತೀವ್ರತೆಯನ್ನು ಲೆಕ್ಕ ಹಾಕಲು ಕೆನಡಾ ಮತ್ತು ಅಮೆರಿಕ 2001ರಲ್ಲಿ ಒಂದು ಸೂತ್ರವನ್ನು ಅಳವಡಿಸಿಕೊಂಡಿವೆ. ಅದರಂತೆ 5 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿಕೊಂಡ ಚರ್ಮಕ್ಕೆ ಸೊನ್ನೆ ಡಿಗ್ರಿಯ ಅನುಭವವಾಗುತ್ತದೆ. ಈ ಸೂತ್ರವನ್ನು ಮುಖದ ಚರ್ಮವನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ್ದಾರೆ, ಕೈಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಗಾಳಿಯೇ ಇಲ್ಲದ ದಿನದಲ್ಲೂ ಸವಾರನೇ ತನ್ನ ಎದುರುಗಾಳಿಯನ್ನು ಹುಟ್ಟಿಸಿಕೊಳ್ಳುತ್ತಾನೆ ಎಂಬುದನ್ನು ಅದು ಚೆನ್ನಾಗಿ ತೋರಿಸಿಕೊಡುತ್ತದೆ. ದೇಹದ ಬೇರೆ ಭಾಗಗಳೆಲ್ಲ ದುಡಿಯುತ್ತ ಕಾವೇರುತ್ತಿರುವಾಗ, ಹ್ಯಾಂಡಲ್ ಹಿಡಿದ ಕೈ ಮಾತ್ರ ಅಲುಗಾಡದೆ ಎಲ್ಲಕ್ಕಿಂತ ಮುಂದೆ ನಿಂತು ಆ ಗಾಳಿಯನ್ನು ಎದುರಿಸುತ್ತದೆ.

ಎರಡನೆಯದು ನೀರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಎಳೆಗಳ ನಡುವೆ ಗಾಳಿಯಿದ್ದ ಜಾಗದಲ್ಲಿ ನೀರು ಕೂತುಬಿಟ್ಟರೆ ನಿಮ್ಮ ದಪ್ಪ ಫ್ಲೀಸ್ ಕೈಯ ಕಾವನ್ನು ಹೊರಗೆ ಹರಿಯಬಿಡುವ ಕಾಲುವೆಯೇ ಆಗುತ್ತದೆ. ನಿಮಗೆ ಆಗಿದ್ದು ಇದೇ.

ಮುಕ್ಕಾಲು ಗಂಟೆಯ ಸವಾರಿಗೆ ನನ್ನ ಸಲಹೆ ಇಷ್ಟು: ಗಾಳಿ ಮತ್ತು ನೀರನ್ನು ತಡೆಯುವ ಹೊರಕವಚವಿರುವ, ಮಧ್ಯಮ ದಪ್ಪದ ಕೈಗವಸನ್ನು ಆರಿಸಿ. ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪಗಿರುವುದು ಎಲ್ಲಕ್ಕಿಂತ ಒಳ್ಳೆಯದೆಂದು ತಿಳಿಯಬೇಡಿ. ಅದನ್ನು ತೊಟ್ಟು ಗೇರ್ ಬದಲಿಸಲು ಹೋದಾಗ ಒಂದು ಗುಂಡಿಯ ಬದಲು ಎರಡು ಗುಂಡಿಗಳು ಒಟ್ಟಿಗೆ ಒತ್ತಿಹೋಗುತ್ತವೆ.

ಹೊಲಿಗೆಮನೆ:

ಹಳೆಯ ಗಾಲಿಯವರು ಹೇಳಿದ್ದು ಸರಿಯಾಗಿದೆ. ನಾನು ಕೈಗವಸು ತಯಾರಿಸುವ ಕಡೆ ಹನ್ನೊಂದು ವರ್ಷ ಹೊಲಿಗೆಯಂತ್ರದ ಮುಂದೆ ಕೂತವಳಾದ್ದರಿಂದ, ‘ಜಲನಿರೋಧಕ’ ಎಂಬ ಮಾತಿನೊಳಗೆ ಏನಿರುತ್ತದೆ ಎಂಬುದನ್ನು ಬಿಡಿಸಿ ಹೇಳಬಹುದು ಎನ್ನಿಸಿತು.

ಕೈಗವಸು ಎಂದರೆ ಬೆರಳುಗಳ ಸಂದುಗಳಲ್ಲೆಲ್ಲ ಹೊಲಿಗೆ ಬೀಳುವ ವಸ್ತು. ಒಂದು ಜಾಕೆಟ್ಟಿನಲ್ಲಿ ಹೊಲಿಗೆಗಳು ನೇರವಾಗಿ, ಉದ್ದವಾಗಿ ಹೋಗುವುದರಿಂದ ಒಳಗಿನಿಂದ ಪಟ್ಟಿ ಅಂಟಿಸಿ ಸೂಜಿಯ ತೂತುಗಳನ್ನು ಮುಚ್ಚುವುದು ಸುಲಭ. ಕೈಗವಸಿನ ಬೆರಳಿನೊಳಗೆ ಆ ಕೆಲಸಕ್ಕೆ ಜಾಗವೇ ಇರುವುದಿಲ್ಲ. ಅದಕ್ಕಾಗಿ ತಯಾರಕರು ಕಂಡುಕೊಂಡ ದಾರಿಯೆಂದರೆ, ಹೊರಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಕೈಯ ಆಕಾರದಲ್ಲೇ ಕತ್ತರಿಸಿ ಅಂಚನ್ನು ಕಾಯಿಸಿ ಬೆಸೆದ ಒಂದು ತೆಳು ಪೊರೆಯ ಚೀಲವನ್ನು ಇಳಿಬಿಡುವುದು. ನೀರನ್ನು ನಿಜವಾಗಿ ತಡೆಯುವುದು ಈ ಚೀಲವೇ. ಹೊರಬಟ್ಟೆಯ ಹೊಲಿಗೆಗಳ ಮೂಲಕ ನೀರು ಒಳಕ್ಕೆ ಬಂದೇ ಬರುತ್ತದೆ. ಬಂದು ಪೊರೆಯ ಹೊರಮೈಯಲ್ಲಿ ನಿಲ್ಲುತ್ತದೆ.

ಈ ಪೊರೆಗಳಲ್ಲಿ ಹೆಸರುವಾಸಿಯಾದದ್ದು ಗೋರ್-ಟೆಕ್ಸ್. 1969ರಲ್ಲಿ ರಾಬರ್ಟ್ ಗೋರ್ ಅವರು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಕಾಯಿಸಿದ ಕಡ್ಡಿಯೊಂದನ್ನು ಒಮ್ಮೆಲೇ ಜಗ್ಗಿ ಎಳೆದಾಗ ಅದು ಹಲವು ಪಟ್ಟು ಹಿಗ್ಗಿ, ಸೂಕ್ಷ್ಮ ರಂಧ್ರಗಳ ಜಾಲವಾಯಿತು. ಆ ರಂಧ್ರಗಳಲ್ಲಿ ಮಳೆಹನಿ ನುಸುಳದು, ಬೆವರಿನ ಆವಿ ಮಾತ್ರ ಹಾದುಹೋಗುತ್ತದೆ. ಪಾಲಿಯುರೆಥೇನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಪೊರೆಗಳಲ್ಲಿ ಹಲವಕ್ಕೆ ರಂಧ್ರಗಳೇ ಇಲ್ಲ. ಅವು ಒಳಗಿನ ತೇವವನ್ನು ಹೀರಿಕೊಂಡು ಹೊರಮೈಗೆ ದಾಟಿಸುತ್ತವೆ. ಎರಡೂ ಬಗೆಯವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಒಂದು ಷರತ್ತಿನ ಮೇಲೆ: ಹೊರಬಟ್ಟೆ ತೊಯ್ದು ತೊಪ್ಪೆಯಾಗಬಾರದು. ಹೊಸ ಕೈಗವಸಿನ ಮೇಲೆ ನೀರು ಮುತ್ತಿನಂತೆ ಉರುಳುವುದು ಅದಕ್ಕೆ ಹಚ್ಚಿರುವ ಲೇಪದಿಂದ. ಹ್ಯಾಂಡಲ್ಲಿಗೆ ಉಜ್ಜಿ ಉಜ್ಜಿ ಅಂಗೈಭಾಗದಲ್ಲಿ ಆ ಲೇಪ ಮೊದಲು ಸವೆಯುತ್ತದೆ. ಲೇಪ ಹೋದ ಮೇಲೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆವಿ ಹೊರಹೋಗುವ ದಾರಿ ಮುಚ್ಚುತ್ತದೆ, ಒಳಗೆ ಬೆವರು ನಿಲ್ಲುತ್ತದೆ. ಆಗ ಸವಾರರು ‘ಕೈಗವಸು ಸೋರುತ್ತಿದೆ’ ಎಂದು ಹಿಂದಿರುಗಿಸಲು ತರುತ್ತಾರೆ. ನಾವು ಅಂಥವಕ್ಕೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ನೋಡುತ್ತಿದ್ದೆವು. ಎಷ್ಟೋ ಬಾರಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಪೊರೆ ಗಟ್ಟಿಯಾಗಿಯೇ ಇರುತ್ತಿತ್ತು. ಒಳಗಿದ್ದದ್ದು ಸವಾರರದೇ ಬೆವರು.

ಇನ್ನೊಂದು ತೊಂದರೆ ಚೀಟಿಯಲ್ಲಿ ಬರೆದಿರುವುದಿಲ್ಲ. ಚೀಲದಂತೆ ಇಳಿಬಿಟ್ಟ ಪೊರೆಗೆ ಅಸ್ತರು ಬೆರಳತುದಿಗಳಲ್ಲಿ ಮಾತ್ರ ಅಂಟಿಕೊಂಡಿರುತ್ತದೆ. ಒದ್ದೆ ಕೈಯನ್ನು ಎಳೆದಾಗ ಅಸ್ತರು ಬೆರಳಿನ ಜೊತೆಗೇ ಹೊರಗೆ ಕಿತ್ತುಬರುತ್ತದೆ. ಮತ್ತೆ ತೊಡಲು ಹೋದರೆ ಬೆರಳುಗಳು ತಮ್ಮ ಗೂಡುಗಳನ್ನು ಸೇರುವುದೇ ಇಲ್ಲ. ದಾರಿಯ ಮಧ್ಯೆ ಗಾಲಿ ಪಂಕ್ಚರ್ ಆಗಿ ಕೈಗವಸು ತೆಗೆಯಬೇಕಾಗಿ ಬಂದರೆ ಅದು ಎಂಥ ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ಅಂಗಡಿಯಲ್ಲಿ ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಕೈಗವಸು ತೊಟ್ಟು, ಒಂದೊಂದು ಬೆರಳತುದಿಯನ್ನೂ ಹಿಡಿದು ಎಳೆಯದೆ ಒಮ್ಮೆಲೇ ಕೈ ಹೊರತೆಗೆದು ನೋಡಿ. ಅಸ್ತರು ಅಲುಗಾಡದಿದ್ದರೆ ಹೊಲಿದವರು ಶ್ರದ್ಧೆಯಿಂದ ಹೊಲಿದಿದ್ದಾರೆ ಎಂದೇ ಅರ್ಥ. ಪೊರೆಯನ್ನು ಹೊರಬಟ್ಟೆಗೋ ಅಸ್ತರಿಗೋ ಪೂರ್ತಿಯಾಗಿ ಅಂಟಿಸಿದ ಕೈಗವಸುಗಳೂ ಸಿಗುತ್ತವೆ. ಅವುಗಳಲ್ಲಿ ಪದರಗಳು ಒಂದರ ಮೇಲೊಂದು ಜಾರುವುದಿಲ್ಲವಾದ್ದರಿಂದ ಬ್ರೇಕಿನ ಹಿಡಿತವೂ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ನನ್ನನ್ನು ಕೇಳಿದರೆ, ದಪ್ಪ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಅಂಟಿಸಿದ ಪೊರೆಯದನ್ನೇ ಆರಿಸಿ.

ಮೂರು ಗೇರು:

ಎಲ್ಲರ ಮೇಲಿನ ಗೌರವದೊಂದಿಗೆ ನನ್ನದು ಬೇರೆ ಅಭಿಪ್ರಾಯ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಜಡಿಮಳೆಯಲ್ಲಿ ತುಳಿದರೆ ಯಾವ ಪೊರೆಯೂ ಕೈಯನ್ನು ಒಣಗಿಡುವುದಿಲ್ಲ. ನೀರು ಮಣಿಕಟ್ಟಿನಿಂದಲೋ ಬೆವರು ಒಳಗಿನಿಂದಲೋ ಬಂದೇ ಬರುತ್ತದೆ. ಹಾಗಿರುವಾಗ ಒಣಗಿರಬೇಕೆಂಬ ಹಟವನ್ನೇ ಬಿಟ್ಟು, ಒದ್ದೆಯಾದರೂ ಬೆಚ್ಚಗಿರುವುದನ್ನು ಆರಿಸುವುದು ಜಾಣತನ. ಮುಳುಗುಗಾರರು ತೊಡುವ ನಿಯೋಪ್ರೀನ್ ಬಟ್ಟೆಯ ಕೈಗವಸು ಅಂಥದ್ದು. ಆ ರಬ್ಬರಿನ ಒಳಗೆಲ್ಲ ಮುಚ್ಚಿದ ಸಣ್ಣ ಗುಳ್ಳೆಗಳಿದ್ದು, ಅವುಗಳಲ್ಲಿರುವ ಅನಿಲವನ್ನು ನೀರು ಹೊರದಬ್ಬಲಾರದು. ಒಳಸೇರಿದ ತೆಳುವಾದ ನೀರಿನ ಪದರ ಮೈಕಾವಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ.

ಮನೆಯಲ್ಲೇ ಆಗುವ ಇನ್ನೊಂದು ಉಪಾಯವಿದೆ. ತೆಳ್ಳನೆಯ ಉಣ್ಣೆಯ ಒಳಗವಸನ್ನು ತೊಟ್ಟು, ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ಒಂದು ಅಳತೆ ದೊಡ್ಡದಾಗಿ ಹಾಕಿಕೊಳ್ಳುವುದು. ಅದರಲ್ಲಿ ಹೊಲಿಗೆಯೇ ಇಲ್ಲವಾದ್ದರಿಂದ ಸೋರುವ ಮಾತೇ ಇಲ್ಲ. ನಾನು ಮೂರು ಚಳಿಗಾಲ ಇದರಲ್ಲೇ ಕಳೆದಿದ್ದೇನೆ.

ಹೊಲಿಗೆಮನೆ:

ಮೂರು ಗೇರು ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ರಬ್ಬರ್ ಕೈಗವಸು ಹೊರಗಿನ ನೀರನ್ನು ಪೂರ್ತಿ ತಡೆಯುತ್ತದೆ. ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯವರೆಗೆ ಆ ಉಣ್ಣೆ ಬೆವರನ್ನು ನುಂಗಿಕೊಂಡು ಕಾಪಾಡುತ್ತದೆ. ಅದರಾಚೆಗೆ ಅದಕ್ಕೂ ಸಾಧ್ಯವಿಲ್ಲ. ಸಂಜೆ ಹಿಂದಿರುಗುವಾಗ ತೊಡಲು ಒಣ ಒಳಗವಸು ಬೇರೆಯೇ ಇರಬೇಕು. ನಿಯೋಪ್ರೀನಿಗೆ ಸಂಬಂಧಿಸಿದಂತೆ ನನಗಿರುವ ಚಿಂತೆ ಇಷ್ಟೆ: ಬಿಗಿಯಾಗಿ ಕೂತರೆ ಮಾತ್ರ ಅದು ಬೆಚ್ಚಗಿರುತ್ತದೆ, ಆ ಬಿಗಿಯೇ ಕೆಲವರ ಬೆರಳಿಗೆ ಆಗಿಬರುವುದಿಲ್ಲ.

ಬೆಟ್ಟದ ಹಾದಿ:

ಆ ‘ಕೆಲವರಲ್ಲಿ’ ನಾನೂ ಒಬ್ಬಳು. ಚಳಿ ತಾಗಿದ ಕೂಡಲೇ ನನ್ನ ಬೆರಳುಗಳು ಮೊದಲು ಸುಣ್ಣದಂತೆ ಬಿಳಿಚಿಕೊಳ್ಳುತ್ತವೆ, ಆಮೇಲೆ ನೀಲಿಗಟ್ಟುತ್ತವೆ, ಬೆಚ್ಚಗಿನ ಕೋಣೆಗೆ ಬಂದ ಮೇಲೆ ಕೆಂಪಾಗಿ ಸಿಡಿಯುತ್ತವೆ. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ವಿವರಿಸಿದ ತೊಂದರೆ ಇದು. ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಐದು ಬೆರಳಿಗೆ ಐದು ಗೂಡುಗಳಿರುವ ಕೈಗವಸು ಎಷ್ಟು ದಪ್ಪವಾಗಿದ್ದರೂ ನನಗೆ ಸಾಕಾಗಲಿಲ್ಲ. ಒಂಟಿ ಬೆರಳಿನ ಸುತ್ತ ನಾಲ್ಕೂ ಕಡೆಯಿಂದ ಚಳಿ ಮುತ್ತಿಕೊಳ್ಳುತ್ತದೆ. ಎರಡು ಬೆರಳು ಒಂದೇ ಗೂಡಿನಲ್ಲಿದ್ದರೆ ಒಂದರ ಕಾವು ಇನ್ನೊಂದಕ್ಕೆ ಆಸರೆಯಾಗುತ್ತದೆ.

ಹೀಗಾಗಿ ನಾನು ಲಾಬ್‌ಸ್ಟರ್ ಮಾದರಿಗೆ ಬಂದೆ. ತೋರುಬೆರಳು ಮತ್ತು ನಡುಬೆರಳಿಗೆ ಒಂದು ಗೂಡು, ಉಂಗುರ ಬೆರಳು ಮತ್ತು ಕಿರುಬೆರಳಿಗೆ ಇನ್ನೊಂದು, ಹೆಬ್ಬೆರಳಿಗೆ ಬೇರೆ. ಬ್ರೇಕನ್ನು ಎರಡು ಬೆರಳಿನಿಂದ ಎಳೆಯುವುದು ನನಗೆ ಮೊದಲಿನಿಂದಲೂ ರೂಢಿಯಿದ್ದುದರಿಂದ ಹೊಂದಿಕೊಳ್ಳಲು ಎರಡೇ ದಿನ ಸಾಕಾಯಿತು. ಸೊನ್ನೆಗಿಂತ ಕೆಳಗಿಳಿದ ದಿನಗಳಲ್ಲಿ ಹ್ಯಾಂಡಲ್ಲಿಗೇ ತೊಡಿಸುವ ದೊಡ್ಡ ಗವಸುಗಳನ್ನು ಬಳಸುತ್ತೇನೆ. ಬಾರ್ ಮಿಟ್ ಎಂದು ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. ಹ್ಯಾಂಡಲ್ಲಿನ ತುದಿ, ಬ್ರೇಕು, ಗೇರು ಎಲ್ಲವೂ ಆ ಗವಸಿನೊಳಗೆ ಅಡಗಿರುತ್ತವೆ, ಕೈಯನ್ನು ಬಿಲದೊಳಗೆ ತೂರಿಸಿದಂತೆ ತೂರಿಸಬೇಕು. ಒಳಗೆ ತೆಳುವಾದ ಉಣ್ಣೆಯ ಕೈಗವಸು ಸಾಕು, ಬ್ರೇಕಿನ ಹಿಡಿ ಬರಿಗೈಗೆ ಸಿಕ್ಕಷ್ಟೇ ಸ್ಪಷ್ಟವಾಗಿ ಸಿಗುತ್ತದೆ. ನೋಡಲು ಚೆಂದವಿಲ್ಲ ಎನ್ನುವವರಿದ್ದಾರೆ. ತಿರುವಿನಲ್ಲಿ ಕೈ ಚಾಚಿ ಸನ್ನೆ ಮಾಡಿದ ಮೇಲೆ ಮತ್ತೆ ಆ ಬಾಯಿಯನ್ನು ಹುಡುಕಿ ಕೈ ತೂರಿಸುವುದನ್ನು ವಾಹನಗಳಿಲ್ಲದ ಜಾಗದಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಕೊಂಡೇ ರಸ್ತೆಗಿಳಿಯಬೇಕು ಎಂಬುದು ಮಾತ್ರ ನಿಜವಾದ ಎಚ್ಚರಿಕೆ.

ಬ್ಯಾಟರಿಯಿಂದ ಕಾಯುವ ಕೈಗವಸನ್ನೂ ಒಂದು ಚಳಿಗಾಲ ತೊಟ್ಟೆ. ಚೆನ್ನಾಗಿತ್ತು. ಆದರೆ ಚಾರ್ಜ್ ಮಾಡಲು ಮರೆತ ದಿನ ಅದು ಭಾರವಾದ ಸಾಧಾರಣ ಕೈಗವಸೇ ಆಗಿಬಿಡುತ್ತದೆ. ಕಬ್ಬಿಣದ ಪುಡಿ ತುಂಬಿದ ಶಾಖದ ಪೊಟ್ಟಣಗಳು ಗಾಳಿಯ ಆಮ್ಲಜನಕ ಸಿಕ್ಕರೆ ಮಾತ್ರ ಕಾಯುತ್ತವೆ. ನೀರು ತಡೆಯುವ ಬಿಗಿ ಕೈಗವಸಿನೊಳಗೆ ಇಟ್ಟರೆ ಬೇಗನೆ ತಣ್ಣಗಾಗುತ್ತವೆ.

ನಾಡಿ:

ನಾನು ವೈದ್ಯಕೀಯ ವೃತ್ತಿಯವಳು, ಸೈಕಲ್ ಸವಾರಿಯೂ ಇದೆ. ಕೈಗವಸಿನ ಬಗ್ಗೆ ಇಷ್ಟು ಚರ್ಚೆಯಾಗಿದೆ. ಅದರೊಳಗಿರುವ ಕೈಯ ಬಗ್ಗೆಯೂ ಸ್ವಲ್ಪ ಹೇಳಬೇಕೆನ್ನಿಸಿತು.

ಕೈಗವಸು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ರಕ್ತ ತಂದುಕೊಟ್ಟ ಕಾವನ್ನು ಹಿಡಿದಿಡುತ್ತದೆ. ಎದೆ ಮತ್ತು ಹೊಟ್ಟೆಯ ಕಾವು ಇಳಿಯುವ ಸೂಚನೆ ಸಿಕ್ಕ ಕೂಡಲೇ ದೇಹ ಕೈಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಅಂದರೆ ತೆಳುವಾದ ಅಂಗಿ ತೊಟ್ಟು ನಡುಗುತ್ತಿರುವವರ ಕೈಗೆ ಎಂಥ ಕೈಗವಸು ಹಾಕಿದರೂ ಬೆರಳು ಬೆಚ್ಚಗಾಗುವುದಿಲ್ಲ. ಮಣಿಕಟ್ಟಿನಲ್ಲಿ ನಾವು ನಾಡಿ ಹಿಡಿದು ನೋಡುವ ಜಾಗದಲ್ಲಿ ರಕ್ತನಾಳ ಚರ್ಮಕ್ಕೆ ಎಷ್ಟು ಹತ್ತಿರವಿದೆ ಎಂಬುದು ನಿಮಗೆಲ್ಲ ಗೊತ್ತು. ಅಲ್ಲಿ ತಣ್ಣನೆಯ ಗಾಳಿ ಹೊಕ್ಕರೆ ಬೆರಳಿಗೆ ತಲುಪುವ ಮೊದಲೇ ರಕ್ತ ತಣಿಯುತ್ತದೆ. ಬೆರಳುಗಳನ್ನು ಗಟ್ಟಿಯಾಗಿ ಮಡಚುವ ಸ್ನಾಯುಗಳು ಇರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಮುಂದೋಳಿನಲ್ಲಿ. ಆದ್ದರಿಂದ ಮಣಿಕಟ್ಟನ್ನು ಪೂರ್ತಿ ಮುಚ್ಚುವ ಉದ್ದನೆಯ ಕಫ್ ಇರುವ ಕೈಗವಸನ್ನು ಆರಿಸಿ, ಮುಂದೋಳಿಗೂ ಬೆಚ್ಚಗಿನ ಬಟ್ಟೆಯಿರಲಿ.

ಬೆರಳಿನ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಂದುತ್ತದೆ; 8 ಡಿಗ್ರಿಯ ಆಸುಪಾಸಿಗೆ ಬಂದರೆ ಸ್ಪರ್ಶವೇ ಹೋಗುತ್ತದೆ. ಮುಂಜಾವಿನ ಸವಾರರೇ, ನಿಮ್ಮ ಬೆರಳಿನ ನೋವು ನಿಂತು ಜಡವಾದ ಆ ಗಳಿಗೆಯನ್ನು ನೀವು ಸರಿಯಾಗಿ ಗಮನಿಸಿದ್ದೀರಿ. ನೋವು ಇರುವವರೆಗೆ ಎಚ್ಚರಿಕೆಗೆ ಸಮಯವಿದೆ. ನೋವು ನಿಂತಿತೆಂದರೆ ಸೈಕಲ್ಲಿನಿಂದ ಇಳಿದುಬಿಡಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಜೀವ ಬಂದ ಮೇಲೆ ಮುಂದುವರಿಯಿರಿ. ಮನೆಗೆ ಬಂದು ಬಿಸಿನೀರಿಗೆ ಕೈ ಹಾಕಬೇಡಿ, ಉಜ್ಜಬೇಡಿ. ಮರಗಟ್ಟಿದ ಕೈಗೆ ನೀರು ಎಷ್ಟು ಬಿಸಿಯಿದೆ ಎಂಬುದು ತಿಳಿಯುವುದಿಲ್ಲ, ಸುಟ್ಟುಕೊಳ್ಳುತ್ತೀರಿ. ಮೈಕಾವಿನಷ್ಟು ಉಗುರುಬೆಚ್ಚಗಿನ ನೀರು ಸಾಕು.

ಅಳತೆಯ ಬಗ್ಗೆ ಒಂದು ಮಾತು. ನನ್ನ ಬಳಿ ಬರುವವರಲ್ಲಿ ಚಳಿಗಾಲದ ಕೈಗವಸನ್ನು ಬೇಸಿಗೆಯದರಷ್ಟೇ ಬಿಗಿಯಾಗಿ ಕೊಂಡವರು ಹೆಚ್ಚು. ಬಿಗಿ ಕೈಗವಸು ಬೆರಳಿನ ರಕ್ತವನ್ನೂ ಒತ್ತುತ್ತದೆ, ಅಸ್ತರಿನೊಳಗಿನ ಗಾಳಿಯನ್ನೂ ಹಿಂಡುತ್ತದೆ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಅಗಲವಾದ ಭಾಗದ ಸುತ್ತಳತೆಯನ್ನು ಟೇಪಿನಿಂದ ತೆಗೆದುಕೊಳ್ಳಿ. ತೊಟ್ಟು ನೋಡುವಾಗ ಕೈ ಬಿಡಿಸಿ ನೋಡಿದರೆ ಪ್ರಯೋಜನವಿಲ್ಲ, ಸೈಕಲ್ಲಿನ ಹ್ಯಾಂಡಲ್ ಹಿಡಿದು ಬ್ರೇಕ್ ಎಳೆದೇ ನೋಡಬೇಕು, ಏಕೆಂದರೆ ಮುಷ್ಟಿ ಕಟ್ಟಿದಾಗ ಬೆರಳಿನ ಬೆನ್ನಿನ ಬಟ್ಟೆ ಬಿಗಿದು ತುದಿ ಹಿಂದಕ್ಕೆ ಜಗ್ಗುತ್ತದೆ. ಬ್ರೇಕ್ ಎಳೆದಾಗಲೂ ಬೆರಳತುದಿಯಲ್ಲಿ ಗೋಧಿಕಾಳಿನಷ್ಟು ಜಾಗ ಉಳಿಯಬೇಕು. ಅಂಗೈಯ ಮೆತ್ತೆಯೂ ಅತಿ ದಪ್ಪವಿರಬಾರದು. ಕಿರುಬೆರಳಿನ ಕಡೆಯ ಅಂಗೈ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರವನ್ನು ಒತ್ತಡದಿಂದ ಕಾಪಾಡುವಷ್ಟು ತೆಳು ಮೆತ್ತೆ ಸಾಕು. ಆ ನರ ಒತ್ತಿಹೋದರೆ ಚಳಿಯಿಲ್ಲದಿದ್ದರೂ ಕಿರುಬೆರಳು ಮತ್ತು ಉಂಗುರ ಬೆರಳುಗಳು ಜೋಮು ಹಿಡಿಯುತ್ತವೆ. ಸವಾರರು ಅದನ್ನು ಚಳಿಯ ತಲೆಗೆ ಕಟ್ಟಿ ಇನ್ನೂ ದಪ್ಪ ಕೈಗವಸು ಕೊಳ್ಳುತ್ತಾರೆ.

ಬೆಟ್ಟದ ಹಾದಿಯವರೇ, ಬೆರಳಿನ ಬಣ್ಣ ಬದಲಾಗುವುದನ್ನು ಇನ್ನೂ ವೈದ್ಯರಿಗೆ ತೋರಿಸದಿದ್ದರೆ ದಯವಿಟ್ಟು ಒಮ್ಮೆ ತೋರಿಸಿ.

ಮುಂಜಾವಿನ ಸವಾರ:

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಎಲ್ಲರಿಗೂ ಋಣಿ. ನಾಡಿಯವರು ಹೇಳಿದಂತೆ ಅಳತೆ ತೆಗೆದು ನೋಡಿದೆ. ನನ್ನ ಹಳೆಯ ಕೈಗವಸು ಒಂದು ಅಳತೆ ಚಿಕ್ಕದಾಗಿತ್ತು. ನಿನ್ನೆ ಅಂಗಡಿಗೆ ಸೈಕಲ್ಲನ್ನೇ ತಳ್ಳಿಕೊಂಡು ಹೋಗಿ, ನಾಲ್ಕು ಜೊತೆಗಳನ್ನು ತೊಟ್ಟು ಬ್ರೇಕ್ ಹಿಡಿದು ನೋಡಿದೆ. ಎರಡರಲ್ಲಿ ಅಸ್ತರು ಕೈಯ ಜೊತೆಗೇ ಹೊರಬಂತು. ಪೊರೆ ಅಂಟಿಸಿದ, ಮಧ್ಯಮ ದಪ್ಪದ ಐದು ಬೆರಳಿನ ಒಂದು ಜೊತೆಯನ್ನು ಆರಿಸಿಕೊಂಡಿದ್ದೇನೆ. ಈಗ ಎರಡು ಪ್ರಶ್ನೆಗಳು ಉಳಿದಿವೆ. ಕೈಗವಸಿನ ಕಫ್ ಜಾಕೆಟ್ಟಿನ ತೋಳಿನ ಒಳಗಿರಬೇಕೋ, ಮೇಲಿರಬೇಕೋ? ನೀರು ನಿಜವಾಗಿಯೂ ತಡೆಯುತ್ತದೆಯೇ ಎಂದು ಮಳೆ ಬರುವವರೆಗೆ ಕಾಯದೆ ಪರೀಕ್ಷಿಸುವ ದಾರಿ ಇದೆಯೇ?

ಹೊಲಿಗೆಮನೆ:

ಎರಡಕ್ಕೂ ಉತ್ತರವಿದೆ. ಸವಾರಿಯಲ್ಲಿ ಕೈ ಮೊಣಕೈಗಿಂತ ಕೆಳಗಿರುವುದರಿಂದ ಮಳೆನೀರು ತೋಳಿನ ಮೇಲೆ ಹರಿದು ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಕಫ್ ಮೇಲಿದ್ದರೆ ಅದು ಆ ನೀರಿಗೆ ಬಾಯಿತೆರೆದ ಲೋಟವಾಗುತ್ತದೆ. ಹೆಂಚಿನ ಮನೆಯಲ್ಲಿ ಮೇಲಿನ ಹೆಂಚು ಕೆಳಗಿನದರ ಮೇಲೆ ಒರಗಿರುವಂತೆ ಜಾಕೆಟ್ಟಿನ ತೋಳು ಕಫಿನ ಮೇಲೆ ಬರಬೇಕು. ಕೈಗವಸಿನ ಕಫ್ ತೋಳಿನೊಳಗೆ ಹೋಗದಷ್ಟು ದಪ್ಪವಾಗಿದ್ದರೆ ಅಂಥದ್ದನ್ನು ಕೊಳ್ಳದಿರುವುದೇ ವಾಸಿ.

ಪರೀಕ್ಷೆಗೆ ಒಂದು ಬಕೆಟ್ ಮತ್ತು ಒಂದಿಷ್ಟು ತೆಳುವಾದ ಟಿಶ್ಯೂ ಕಾಗದ ಬೇಕು. ಐದೂ ಬೆರಳಿಗೆ ಕಾಗದ ಸುತ್ತಿಕೊಂಡು ಕೈಗವಸು ತೊಡಿ. ಬಕೆಟ್ಟಿನ ತಣ್ಣೀರಿನಲ್ಲಿ ಕಫಿನ ಅಂಚಿಗೆ ನೀರು ತಾಗದಂತೆ ಕೈ ಮುಳುಗಿಸಿ, ಐದು ನಿಮಿಷ ಮುಷ್ಟಿ ಕಟ್ಟುತ್ತ ಬಿಡಿಸುತ್ತ ಇರಿ. ಕೈ ಸುಮ್ಮನೆ ಇಟ್ಟರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ಮಡಚುವಾಗಲೇ ಬೆರಳಿನ ಸಂದಿನ ಬೆಸುಗೆಗೆ ಒತ್ತಡ ಬೀಳುವುದು. ಹೊರತೆಗೆದು, ಕೈಗವಸನ್ನು ಒರೆಸಿ, ನಿಧಾನವಾಗಿ ಕಳಚಿ ಕಾಗದ ನೋಡಿ. ಒಂದೇ ಬೆರಳಿನ ಕಾಗದ ಚುಕ್ಕೆಯಾಗಿ ಒದ್ದೆಯಾಗಿದ್ದರೆ ಅಲ್ಲಿ ಬೆಸುಗೆ ಬಿಟ್ಟಿದೆ. ಎಲ್ಲ ಕಾಗದಗಳೂ ಒಂದೇ ಸಮನಾಗಿ ಮೆತ್ತಗಾಗಿದ್ದರೆ ಅದು ನಿಮ್ಮ ಬೆವರು. ಕೆಲಸಗಾರರ ಚಳಿ ಕೈಗವಸುಗಳಿಗೆ ಯುರೋಪಿನಲ್ಲಿ ಇಎನ್ 511 ಎಂಬ ಮಾನದಂಡವಿದೆ. ಹಿಮಹರಳಿನ ಗುರುತಿನ ಕೆಳಗೆ ಮೂರು ಅಂಕೆಗಳಿರುತ್ತವೆ. ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆಯ ವಸ್ತು ಮುಟ್ಟಿದಾಗಿನ ಚಳಿಗೆ, ಮೂರನೆಯದು ನೀರಿಗೆ. 2006ರ ಆವೃತ್ತಿಯಂತೆ ಮೂರನೆಯ ಅಂಕೆ 1 ಎಂದಿದ್ದರೆ 30 ನಿಮಿಷಗಳ ಪರೀಕ್ಷೆಯಲ್ಲಿ ನೀರು ಒಳಸೇರಿಲ್ಲ ಎಂದರ್ಥ. ಸೈಕಲ್ ಕೈಗವಸುಗಳ ಮೇಲೆ ಈ ಗುರುತು ಅಪರೂಪ, ಆದರೆ ಇದ್ದರೆ ಅದನ್ನು ಓದಲು ತಿಳಿದಿರುವುದು ಒಳ್ಳೆಯದು.

ಒಣಗಿಸುವಾಗ ಹೀಟರಿನ ಮೇಲೆ ಹಾಕಬೇಡಿ. ಅಂಗೈಯಲ್ಲಿ ಚರ್ಮವಿದ್ದರೆ ಸೆಟೆದು ಬಿರಿಯುತ್ತದೆ, ಬೆಸುಗೆಯ ಅಂಟೂ ಸಡಿಲವಾಗುತ್ತದೆ. ಹಳೆಯ ದಿನಪತ್ರಿಕೆಯನ್ನು ಕಿರುಬೆರಳಿನ ಗಾತ್ರಕ್ಕೆ ಸುರುಳಿ ಸುತ್ತಿ ಪ್ರತಿ ಬೆರಳಿಗೂ ತೂರಿಸಿ, ಗಾಳಿಯಾಡುವ ಕಡೆ ತೂಗುಹಾಕಿ, ಒಂದು ಗಂಟೆಯ ನಂತರ ಕಾಗದ ಬದಲಿಸಿ. ಬಟ್ಟೆ ಮೆದುಗೊಳಿಸುವ ದ್ರಾವಣ ಹಾಕಿ ತೊಳೆಯಲೇಬಾರದು. ಅದು ಹೊರಮೈಯ ಲೇಪದ ಮೇಲೆ ಕೂತು ನೀರನ್ನು ಕರೆದು ಕೂರಿಸುತ್ತದೆ. ನೀರು ಮುತ್ತುಗಟ್ಟುವುದು ನಿಂತಾಗ, ಕೊಳೆ ಹೋಗುವಂತೆ ತೊಳೆದು ಮತ್ತೆ ಲೇಪ ಸಿಂಪಡಿಸಿದರೆ ಎಷ್ಟೋ ಕೈಗವಸುಗಳು ಇನ್ನೊಂದು ಚಳಿಗಾಲಕ್ಕೆ ಬರುತ್ತವೆ.

ಹಳೆಯ ಗಾಲಿ:

ಒಂದೇ ಜೊತೆ ಸಾಕೇ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸಾಕಾಗುವುದಿಲ್ಲ. ಆದರೆ ಎರಡನೆಯ ಜೊತೆಯೂ ಅಷ್ಟೇ ಬೆಲೆಯದಾಗಬೇಕಿಲ್ಲ. ನನ್ನ ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಉಣ್ಣೆಯ ಒಳಗವಸು ಯಾವಾಗಲೂ ಇರುತ್ತದೆ. ಹೊರಗವಸು ಸ್ವಲ್ಪ ದೊಡ್ಡದಾಗಿದ್ದರೆ ಒಣ ಚಳಿಯ ದಿನ ಅದನ್ನು ಒಳಗೆ ತೊಡಬಹುದು, ಮಳೆಯ ದಿನ ಒದ್ದೆಯಾದ ಒಳಗವಸಿಗೆ ಬದಲಾಗಿ ಬಳಸಬಹುದು. ಮತ್ತೊಂದು ಮಾತು: ಬೆಳಗಿನ ಕತ್ತಲಲ್ಲಿ ಹೋಗುವವರು ನೀವು, ಕೈಗವಸಿನ ಬೆನ್ನಿನ ಮೇಲೆ ಬೆಳಕು ಹೊಳೆಸುವ ಪಟ್ಟಿ ಇದೆಯೇ ನೋಡಿ. ಕೈ ಚಾಚಿದಾಗ ಹಿಂದಿನವರಿಗೆ ಕಾಣುವುದು ಅದೊಂದೇ.

ಮುಂಜಾವಿನ ಸವಾರ:

ಮೂರು ವಾರಗಳಾದವು, ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯ. ಬಕೆಟ್ ಪರೀಕ್ಷೆಯಲ್ಲಿ ಎಡಗೈಯ ನಡುಬೆರಳಿನ ಕಾಗದದಲ್ಲಿ ಒಂದು ಒದ್ದೆ ಚುಕ್ಕೆ ಕಂಡಿತು. ಆ ಕಾಗದವನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ, ಅಂಗಡಿಯವರು ಮಾತಿಲ್ಲದೆ ಬದಲಿಸಿ ಕೊಟ್ಟರು. ಎರಡನೆಯ ಜೊತೆ ಒಣಗಿಯೇ ಉಳಿಯಿತು. ಅದರೊಳಗೆ ತೆಳುವಾದ ಉಣ್ಣೆಯ ಒಳಗವಸು, ಮಣಿಕಟ್ಟಿನ ಮೇಲೆ ಜಾಕೆಟ್ಟಿನ ತೋಳು, ಚೀಲದಲ್ಲಿ ಇನ್ನೊಂದು ಜೊತೆ ಒಳಗವಸು. ಈಗ ನನ್ನ ಪದ್ಧತಿ ಇದು.

ಮೊನ್ನೆ ಬೆಳಗ್ಗೆ 2 ಡಿಗ್ರಿಯಿತ್ತು, ಹೊರಟಾಗಿನಿಂದಲೇ ಮಳೆ. ಅರ್ಧ ಗಂಟೆಯ ಹೊತ್ತಿಗೆ ಹೊರಬಟ್ಟೆ ನೀರು ಕುಡಿದು ಭಾರವಾದದ್ದು ಗೊತ್ತಾಗುತ್ತಿತ್ತು, ಕಿರುಬೆರಳು ತಣ್ಣಗಾಗಿತ್ತು. ಆದರೆ ಅದೇ ಇಳಿಜಾರಿನಲ್ಲಿ ತೋರುಬೆರಳು ಮತ್ತು ನಡುಬೆರಳು ಬ್ರೇಕಿನ ಹಿಡಿಯನ್ನು ಮುಟ್ಟಿದ್ದು, ಹಿಡಿ ಸ್ವಲ್ಪ ಸ್ವಲ್ಪವೇ ಹತ್ತಿರ ಬಂದದ್ದು, ಗಾಲಿ ಬಿಗಿದದ್ದು ಎಲ್ಲವೂ ನೋಡದೆಯೇ ಬೆರಳಿಗೆ ತಿಳಿಯಿತು. ರಸ್ತೆ ದಾಟುವ ಗೆರೆಗಿಂತ ಸಾಕಷ್ಟು ಹಿಂದೆಯೇ ನಿಂತೆ.

ಬೆಟ್ಟದ ಹಾದಿಯವರಲ್ಲಿ ಒಂದು ಕೋರಿಕೆ. ನನ್ನ ಅಕ್ಕನ ಬೆರಳುಗಳೂ ನಿಮ್ಮಂತೆಯೇ ಬಿಳಿಚಿಕೊಳ್ಳುತ್ತವೆ; ಮುಂದಿನ ವಾರ ವೈದ್ಯರಿಗೆ ತೋರಿಸುತ್ತಿದ್ದಾಳೆ. ಅವಳದು ನೇರ ಹ್ಯಾಂಡಲ್ಲಿನ ಸೈಕಲ್. ಬಾರ್ ಮಿಟ್ ಆರಿಸುವಾಗ ಕನ್ನಡಿ ಮತ್ತು ಗಂಟೆ ಅಡ್ಡ ಬಂದರೆ ಏನು ಮಾಡಬೇಕು ಎಂಬುದನ್ನು ಬಿಡುವಾದಾಗ ತಿಳಿಸುವಿರಾ?

ಬೆಟ್ಟದ ಹಾದಿ:

ಸಂತೋಷವಾಗಿ ತಿಳಿಸುತ್ತೇನೆ. ಗಂಟೆಯನ್ನು ಹ್ಯಾಂಡಲ್ಲಿನ ನಡುಭಾಗದತ್ತ ಸರಿಸಿದರೆ ಗವಸಿಗೆ ಅಡ್ಡಬರುವುದಿಲ್ಲ; ಆದರೆ ಕೈ ಹೊರತೆಗೆದು ಬಾರಿಸಬೇಕಾಗುತ್ತದೆ. ಅದಕ್ಕಾಗಿ ನಾನು ಚಿಕ್ಕ ಗಂಟೆಯೊಂದನ್ನು ಗವಸಿನೊಳಗೇ, ಹೆಬ್ಬೆರಳಿಗೆ ಎಟುಕುವಂತೆ ಕೂರಿಸಿದ್ದೇನೆ. ಸದ್ದು ಸ್ವಲ್ಪ ಮಂದವಾಗುತ್ತದೆ, ಆದ್ದರಿಂದ ಜನರ ಹತ್ತಿರ ನಿಧಾನವಾಗಿಯೇ ಹೋಗುತ್ತೇನೆ. ಹ್ಯಾಂಡಲ್ ತುದಿಗೆ ಸಿಕ್ಕಿಸುವ ಕನ್ನಡಿಯಿದ್ದರೆ ತುದಿಯಲ್ಲಿ ತೂತು ಇರುವ ಗವಸು ಕೇಳಿ, ಕನ್ನಡಿಯ ಕಡ್ಡಿ ಅದರ ಮೂಲಕ ಹೊರಬರುತ್ತದೆ. ನಿಮ್ಮ ಅಕ್ಕನವರು ಕೊಳ್ಳುವ ಮೊದಲು ಗವಸಿನೊಳಗೆ ಕೈ ಇಟ್ಟು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲಿ; ಬ್ರೇಕಿನ ತಂತಿ ಬಟ್ಟೆಗೆ ಸಿಕ್ಕಿ ಜಗ್ಗುವಂತಿದ್ದರೆ ಬೇರೆಯದನ್ನು ನೋಡಬೇಕು.